ತಾರಸಿಯ ಪ್ರೆಶರ್ ಪಂಪಿಗೆ ಹಾಕಿಸಿದ ರಬ್ಬರ್ ಪ್ಯಾಡು ಮತ್ತು ಬೆಲ್ಲೋಸ್: ಎರಡು ವರ್ಷಗಳ ಬಳಕೆಯ ನಂತರ

ಪಂಪಿನ ಸದ್ದು ತಗ್ಗಿಸಲೆಂದು ಮಾರುಕಟ್ಟೆಯಲ್ಲಿ ಸಿಗುವ ಎರಡು ವಸ್ತುಗಳನ್ನು ನಾನು ಎರಡು ವರ್ಷಗಳಿಂದ ಬಳಸುತ್ತಿದ್ದೇನೆ. ಒಂದು, ಪಂಪಿನ ಕಾಲಿನಡಿ ಇಡುವ ರಬ್ಬರ್ ಪ್ಯಾಡು. ಇನ್ನೊಂದು, ಪಂಪಿಗೂ ಪೈಪಿಗೂ ನಡುವೆ ಕೂರಿಸುವ ಬೆಲ್ಲೋಸ್, ಅಂದರೆ ಬಾಗಿ ಕುಗ್ಗಬಲ್ಲ ರಬ್ಬರ್ ಕೊಳವೆ. ಪ್ಯಾಡು, ಮಾರುವವರು ಹೇಳಿಕೊಳ್ಳುವಷ್ಟು ಕೆಲಸ ಮಾಡುವುದಿಲ್ಲ. ಬೆಲ್ಲೋಸಿನ ಹೆಸರನ್ನು ಯಾವ ಅಂಗಡಿಯವರೂ ತಾವಾಗಿ ಎತ್ತಲಿಲ್ಲ. ಆದರೆ ನಮ್ಮ ಮನೆಯ ಬೆಳಗಿನ ಹೊತ್ತು ಮತ್ತೆ ನೆಮ್ಮದಿಯಾದದ್ದು ಅದರಿಂದಲೇ.

ನಾವು ಬಾಡಿಗೆಗಿರುವುದು ಬೆಂಗಳೂರಿನ ಒಂದು ಹಳೆಯ ಅಪಾರ್ಟ್‌ಮೆಂಟಿನ ಕೊನೆಯ ಮಹಡಿಯಲ್ಲಿ. ಹತ್ತು ಮೀಟರ್ ಎತ್ತರದ ನೀರು ಕೊಡುವ ಒತ್ತಡ ಸುಮಾರು ಒಂದು ಬಾರ್ ಎಂಬ ಲೆಕ್ಕದಲ್ಲಿ, ತಲೆಯ ಮೇಲೆ ಮೂರೇ ಮೀಟರ್ ಎತ್ತರದಲ್ಲಿರುವ ಟ್ಯಾಂಕಿನಿಂದ ಕೊನೆಯ ಮಹಡಿಯ ಶವರಿಗೆ ದೊರೆಯುವುದು 0.3 ಬಾರ್ ಮಾತ್ರ. ಈ ಕೊರತೆಯನ್ನು ತುಂಬಲು ತಾರಸಿಯಲ್ಲಿ ಒಂದು ಪ್ರೆಶರ್ ಪಂಪನ್ನೂ ಅದರ ಪಕ್ಕದಲ್ಲಿ ಗಾಳಿ ತುಂಬಿದ ಒಂದು ಚಿಕ್ಕ ಪ್ರೆಶರ್ ಟ್ಯಾಂಕನ್ನೂ ಇಟ್ಟಿದ್ದಾರೆ. ಮೇಲಿನ ಎರಡು ಮಹಡಿಗಳಲ್ಲಿ ಯಾರು ನಲ್ಲಿ ತಿರುಗಿಸಿದರೂ ಒತ್ತಡ ಇಳಿದು ಪಂಪು ತಾನಾಗಿ ಚಾಲೂ ಆಗುತ್ತದೆ. ಅದು ಕೂತಿರುವುದು ನಮ್ಮ ಮಲಗುವ ಕೋಣೆಯ ಸ್ಲ್ಯಾಬಿನ ಮೇಲೆ.

ನಾನು ಬೆಳಿಗ್ಗೆ ಐದೂವರೆಗೆ ಎದ್ದು ಹಾಡುವ ಅಭ್ಯಾಸ ಇಟ್ಟುಕೊಂಡವಳು. ರಾತ್ರಿಯೇ ಫಿಲ್ಟರಿಗೆ ಪುಡಿ ಹಾಕಿ ನೀರು ಹೊಯ್ದಿಟ್ಟರೆ ಏಳುವ ವೇಳೆಗೆ ಡಿಕಾಕ್ಷನ್ ಪೂರ್ತಿ ಇಳಿದಿರುತ್ತದೆ. ಹಾಲು ಕಾಯಿಸಿ, ಸಕ್ಕರೆ ಇಲ್ಲದ ಕಾಫಿಯನ್ನು ನಿಂತೇ ಕುಡಿದು, ಕಿಟಕಿಯ ಪಕ್ಕದಲ್ಲಿ ಚಾಪೆ ಹಾಸಿ, ಎಲೆಕ್ಟ್ರಾನಿಕ್ ತಂಬೂರಿಯನ್ನು ಹಚ್ಚಿ, ಮಂದ್ರದ ಸ್ವರಗಳಲ್ಲಿ ಸ್ವಲ್ಪ ಹೊತ್ತು ನಿಂತ ಮೇಲೆಯೇ ಮಾಯಾಮಾಳವಗೌಳದ ಸರಳೆ ವರಸೆಗಳನ್ನು ಮೂರು ಕಾಲಗಳಲ್ಲಿ ಹಾಡುತ್ತೇನೆ. ವರ್ಣ ಬರುವುದು ಆಮೇಲೆ. ಕೆಳಗಿನ ಮನೆಗಳವರು ಸ್ನಾನಕ್ಕೆ ಏಳುವುದೂ ಅದೇ ಹೊತ್ತಿಗೆ. ನನ್ನ ಶ್ರುತಿ, ಅಂದರೆ ಹಾಡಿಗೆ ಆಧಾರವಾದ ಷಡ್ಜದ (ಸ) ಎತ್ತರ, ಐದು ಮನೆ: ಸೆಕೆಂಡಿಗೆ ಸುಮಾರು 196 ಕಂಪನ, ಅಂದರೆ 196 ಹರ್ಟ್ಜ್. ನಮ್ಮ ವಿದ್ಯುತ್ತು 50 ಹರ್ಟ್ಜಿನದಾದ್ದರಿಂದ ಮೋಟರಿನ ಗುಂಯ್‌ಗುಡುವಿಕೆ ಅದರ ಇಮ್ಮಡಿಯಾದ 100 ಹರ್ಟ್ಜಿನಲ್ಲಿಯೂ ಅದರ ಮೇಲಿನ ಸ್ಥಾಯಿಯ 200 ಹರ್ಟ್ಜಿನಲ್ಲಿಯೂ ಕೇಳುತ್ತದೆ. 196 ಮತ್ತು 200 ಒಟ್ಟಿಗೆ ನುಡಿದಾಗ ಧ್ವನಿಯು ಸೆಕೆಂಡಿಗೆ ನಾಲ್ಕು ಬಾರಿ ಉಬ್ಬಿ ಇಳಿಯುತ್ತದೆ. ಆ ತೊನೆತದ ನಡುವೆ ಷಡ್ಜದಲ್ಲಿ ನಿಲ್ಲಲು ಆಗುವುದಿಲ್ಲ. ಸದ್ದು ಜೋರಾಗಿತ್ತು ಎಂಬುದಕ್ಕಿಂತ, ಅದು ಶ್ರುತಿಯ ಮಗ್ಗುಲಲ್ಲೇ ಇದ್ದು ಶ್ರುತಿಗೆ ಸೇರದೆ ಉಳಿದಿತ್ತು ಎಂಬುದೇ ನನ್ನ ಸಂಕಟವಾಗಿತ್ತು. ತಂಬೂರಿಯನ್ನು ಅರ್ಧ ಮನೆ ಏರಿಸಬಾರದೇ ಎಂದು ಸಲಹೆ ಕೊಟ್ಟವರಿದ್ದಾರೆ. ವರ್ಷಗಟ್ಟಲೆ ಗಂಟಲಿಗೆ ಒಗ್ಗಿದ ಶ್ರುತಿಯನ್ನು ಒಂದು ಪಂಪಿಗೋಸ್ಕರ ಬದಲಾಯಿಸುವುದು ನನಗೆ ಒಪ್ಪಿಗೆಯಾಗಲಿಲ್ಲ.

ಮೊದಲು ತರಿಸಿದ್ದು ಪ್ಯಾಡುಗಳನ್ನು, ಏಕೆಂದರೆ ಎಲ್ಲರೂ ಹೇಳುವುದು ಅವನ್ನೇ. ಕೆ.ಆರ್. ಮಾರುಕಟ್ಟೆಯ ಬಳಿಯ ಎಸ್.ಜೆ.ಪಿ. ರಸ್ತೆಯಲ್ಲಿ ನಾಲ್ಕು ಪ್ಯಾಡುಗಳ ಬೆಲೆ ಒಂದು ಸಾಧಾರಣ ಹೋಟೆಲ್ ಊಟಕ್ಕಿಂತ ಹೆಚ್ಚಿರಲಿಲ್ಲ. ದಪ್ಪವಾಗಿದ್ದಷ್ಟೂ, ಗಟ್ಟಿಯಾಗಿದ್ದಷ್ಟೂ ಒಳ್ಳೆಯದೆಂದು ಹೇಳಿ ಮಾರುತ್ತಾರೆ. ಗಟ್ಟಿಯಾದ ಪ್ಯಾಡಿನ ವಿಷಯದಲ್ಲಿ ಈ ಮಾತು ತಪ್ಪು. ಪ್ಯಾಡು ಕಂಪನವನ್ನು ತಡೆಯುವುದು, ಅದು ಭಾರಕ್ಕೆ ಎಷ್ಟು ಕುಗ್ಗುತ್ತದೆ ಎಂಬುದರ ಮೇಲೆ ನಿಂತಿದೆ. ಒಂದು ಮಿಲಿಮೀಟರ್ ಕುಗ್ಗಿದರೆ ಪಂಪು ಮತ್ತು ಪ್ಯಾಡುಗಳ ಜೋಡಿಯ ಸಹಜ ಕಂಪನಾಂಕ, ಅಂದರೆ ಒಮ್ಮೆ ತಟ್ಟಿ ಬಿಟ್ಟರೆ ಅದು ತಾನಾಗಿ ಅದುರುವ ವೇಗ, ಸುಮಾರು 16 ಹರ್ಟ್ಜ್ ಆಗುತ್ತದೆ. ಮಿಲಿಮೀಟರಿನ ಹತ್ತನೆಯ ಒಂದು ಭಾಗ ಮಾತ್ರ ಕುಗ್ಗಿದರೆ 50 ಹರ್ಟ್ಜ್. ನಿಮಿಷಕ್ಕೆ ಸುಮಾರು 2,900 ಸುತ್ತು ತಿರುಗುವ ಪಂಪಿನ ನಡುಕ 48 ಹರ್ಟ್ಜ್. ಈ ನಡುಕವು ಸಹಜ ಕಂಪನಾಂಕದ 1.4 ಪಟ್ಟನ್ನು ಮೀರಿದಾಗ ಮಾತ್ರ ಪ್ಯಾಡು ತಡೆಯಲಾರಂಭಿಸುತ್ತದೆ. ಎರಡೂ ಹತ್ತಿರವಾದರೆ ನಡುಕ ಹೆಚ್ಚುತ್ತದೆ. ಮನೆಬಳಕೆಯ ಹಗುರ ಪಂಪಿನಡಿ ಗಟ್ಟಿ ಪ್ಯಾಡು ಇಟ್ಟರೆ ಆಗುವುದು ಇದೇ. ನಮ್ಮಲ್ಲಿಯೂ ಮೊದಲ ವಾರ ಸದ್ದು ಕೊಂಚ ಬೇರೆಯಾಯಿತೇ ಹೊರತು ಕಡಿಮೆಯಾಗಲಿಲ್ಲ. ಅಡುಗೆಮನೆ ಕಟ್ಟೆಯ ಕೆಲಸದಲ್ಲಿ ಯಾರೋ ಉಳಿಸಿ ತಾರಸಿಯಲ್ಲಿ ಒರಗಿಸಿಟ್ಟಿದ್ದ ಗ್ರಾನೈಟ್ ಚಪ್ಪಡಿಗೆ ಪಂಪನ್ನು ಬೋಲ್ಟು ಹಾಕಿ ಕೂರಿಸಿ, ಪ್ಯಾಡುಗಳನ್ನು ಕಾಲುಭಾಗಕ್ಕೆ ಕತ್ತರಿಸಿ ಅದರಡಿ ಇಟ್ಟ ಮೇಲೆ, ಅಂದರೆ ಭಾರ ಹೆಚ್ಚಿಸಿ ರಬ್ಬರನ್ನು ಕಡಿಮೆ ಮಾಡಿದ ಮೇಲೆ, ಅವು ಕುಗ್ಗತೊಡಗಿದವು ಮತ್ತು ನೆಲದ ನಡುಕ ನಿಂತಿತು. ಇಷ್ಟು ಸರಳವಾದ ವಿಷಯವನ್ನು ಪೊಟ್ಟಣದ ಮೇಲೆ ಎರಡು ಸಾಲಿನಲ್ಲಿ ಮುದ್ರಿಸಲು ತಯಾರಕರಿಗೆ ಏನು ಕಷ್ಟವಿದೆಯೋ ತಿಳಿಯದು.

ಆದರೂ ಕೋಣೆಯಲ್ಲಿ ಗುಂಯ್‌ಗುಡುವಿಕೆ ಉಳಿದೇ ಇತ್ತು. ನಮ್ಮ ಪ್ಲಂಬರ್ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಒಂದೊಂದು ಜಾಗಕ್ಕೆ ಒತ್ತಿ ಹಿಡಿಯನ್ನು ಕಿವಿಗೆ ಆನಿಸಿಕೊಂಡು ಕೇಳುತ್ತ ಹೋಗಿ, ಪಂಪಿನಿಂದ ನೀರು ಹೊರಹೋಗುವ ಡೆಲಿವರಿ ಪೈಪು ಗೋಡೆಯನ್ನು ಸೇರುವ ಕಬ್ಬಿಣದ ಕ್ಲಾಂಪಿನ ಹತ್ತಿರ ನಿಂತು, "ಅಮ್ಮಾ, ಸೌಂಡು ಇಳೀತಾ ಇರೋದು ಇಲ್ಲಿಂದ, ಕೇಳಿ" ಎಂದು ನನ್ನ ಕೈಗೂ ಕೊಟ್ಟರು. ನೆಲದ ದಾರಿ ಮುಚ್ಚಿದ್ದರೂ ಬಿಗಿಯಾದ ಪೈಪು ನಡುಕವನ್ನು ನೇರವಾಗಿ ಗೋಡೆಗೆ ಒಯ್ಯುತ್ತಿತ್ತು. ಅಲ್ಲಿಂದ ಕಾಂಕ್ರೀಟು ಅದನ್ನು ಇಡೀ ಕೋಣೆಗೆ ಹರಡುತ್ತಿತ್ತು. ಪಂಪಿನ ಎರಡೂ ಬದಿಗೆ ಒಂದೊಂದು ಬೆಲ್ಲೋಸ್ ಕೂರಿಸಿ, ಕ್ಲಾಂಪುಗಳನ್ನು ಬಿಚ್ಚಿ ರಬ್ಬರ್ ಒಳಪದರವಿರುವವನ್ನು ಹಾಕಿಸಿದೆವು. ಮರುದಿನ ಬೆಳಿಗ್ಗೆ ತಂಬೂರಿಯ ಜೊತೆ ಷಡ್ಜ ಹಿಡಿದಾಗ ಪಂಪು ನಡೆಯುತ್ತಿದೆಯೆಂಬುದು ನನಗೆ ತಿಳಿದದ್ದು ಕೆಳಗಿನ ಮನೆಯ ಬಚ್ಚಲಿನ ನೀರಿನ ಸದ್ದಿನಿಂದ. ಆ ದಿನ ಹಾಡುತ್ತ ಕುಳಿತವಳು ಏಳಲೇ ಇಲ್ಲ. ತಿಂಡಿ ತಡವಾಯಿತು, ಮನೆಯವರಾರೂ ಏನೂ ಅನ್ನಲಿಲ್ಲ.

ಇದನ್ನು ಮಾಡಿಸಲು ಅನುಮತಿ ಪಡೆಯುವುದು ವಸ್ತು ಕೊಳ್ಳುವುದಕ್ಕಿಂತ ಕಷ್ಟ. ಪಂಪು ಎಲ್ಲ ಮನೆಗಳಿಗೂ ಸೇರಿದ ಸೊತ್ತು. ಅಸೋಸಿಯೇಷನ್ ಫ್ಲ್ಯಾಟ್ ಮಾಲೀಕರದು. ಬಾಡಿಗೆದಾರರ ಮಾತು ಓನರ್ ಮೂಲಕವೇ ಹೋಗಬೇಕು. ನಮ್ಮ ಓನರ್ ಒಳ್ಳೆಯವರು, ಪತ್ರ ಬರೆದುಕೊಟ್ಟರು. ಸಮಿತಿಯವರು ಮೊಬೈಲ್ ಆ್ಯಪಿನಲ್ಲಿ ಅಳೆದು, 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಗೊತ್ತುಪಡಿಸಿರುವ 45 ಡೆಸಿಬಲ್‌ಗಿಂತ ಕಡಿಮೆಯೇ ಇದೆ ಎಂದರು. ಆ ನಿಯಮದಲ್ಲಿ ಬಳಸುವುದು ಕಿವಿ ಕೇಳುವ ರೀತಿಗೆ ಹೊಂದಿಸಿದ ಎ-ತೂಕದ ಡೆಸಿಬಲ್; ಅದು 100 ಹರ್ಟ್ಜಿನ ಸದ್ದನ್ನು ಸುಮಾರು 19 ಡೆಸಿಬಲ್ ತಗ್ಗಿಸಿ ಲೆಕ್ಕ ಹಾಕುತ್ತದೆ. ಆದ್ದರಿಂದ ಗುಂಯ್‌ಗುಡುವ ಸದ್ದಿನ ಬಗ್ಗೆ ದೂರು ಕೊಡುವವರು ಅಂಕಿಯನ್ನು ನೆಚ್ಚಿಕೊಳ್ಳದೆ, ಸಮಿತಿಯವರನ್ನು ಬೆಳಗಿನ ಜಾವ ಮನೆಗೆ ಕರೆದು ಕೋಣೆಯಲ್ಲಿ ಹತ್ತು ನಿಮಿಷ ಕೂರಿಸಬೇಕು. ನಮ್ಮಲ್ಲಿ ಒಪ್ಪಿಗೆ ಸಿಕ್ಕಿದ್ದು ಹಾಗೆಯೇ.

ಅನುಮತಿ ಸಿಗದವರಿಗೆ ಖರ್ಚಿಲ್ಲದ ಒಂದು ಉಪಾಯವಿದೆ. 100 ಹರ್ಟ್ಜಿನ ಅಲೆಯ ಉದ್ದ ಸುಮಾರು 3.4 ಮೀಟರ್, ನಮ್ಮ ಹನ್ನೊಂದು ಅಡಿ ಕೋಣೆಯ ಉದ್ದವೂ ಅಷ್ಟೇ. ಇಂಥ ಕೋಣೆಯಲ್ಲಿ ಗೋಡೆಗೆ ಅಂಟಿದ ಜಾಗದಲ್ಲಿಯೂ ನಡುಮಧ್ಯದಲ್ಲಿಯೂ ಆ ಸದ್ದು ಹೆಚ್ಚು, ಗೋಡೆಯಿಂದ ಕಾಲುಭಾಗ ದೂರದಲ್ಲಿ ಕಡಿಮೆ. ಮಂಚವನ್ನು ಎಳೆದು ದಿಂಬು ಗೋಡೆಯಿಂದ ಎರಡೂಮುಕ್ಕಾಲು ಅಡಿ ದೂರ ಬರುವಂತೆ ಇಟ್ಟದ್ದು, ಪಂಪಿನ ಕೆಲಸಕ್ಕೆ ಮೊದಲಿನ ತಿಂಗಳುಗಳಲ್ಲಿ ನಮಗೆ ನಿದ್ರೆ ಕೊಟ್ಟಿತು. ಫೋಮಿನ ಕಿವಿಬೆಣೆಗಳನ್ನು ನಾನು ಶಿಫಾರಸು ಮಾಡುವುದಿಲ್ಲ. ಅವು ಮಾತಿನ ಸದ್ದನ್ನು ಚೆನ್ನಾಗಿ ತಡೆದರೂ, ಮಂಚದ ಮೂಲಕ ತಲೆಗೇ ಏರುವ ನಡುಕಕ್ಕೆ ಹೆಚ್ಚಿನ ತಡೆಯಾಗುವುದಿಲ್ಲ.

ಎರಡು ಬೇಸಿಗೆ ಕಳೆದ ಮೇಲೆ ಪ್ಯಾಡುಗಳು ಬಿಸಿಲಿಗೆ ಒಣಗಿ ಬಿರುಸಾದವು, ಒಮ್ಮೆ ಬದಲಾಯಿಸಬೇಕಾಯಿತು. ಬೆಲ್ಲೋಸ್ ಬಿಸಿಲು ತಾಳುವ ಇ.ಪಿ.ಡಿ.ಎಂ. ಎಂಬ ರಬ್ಬರಿನದಾದ್ದರಿಂದ ಇನ್ನೂ ಬಿರುಕು ಬಿಟ್ಟಿಲ್ಲ. ಬಯಲಿನಲ್ಲಿ ಹಾಕಿಸುವವರು ಈ ರಬ್ಬರನ್ನೇ ಕೇಳಿ ಪಡೆಯಬೇಕು. ಪೈಪಿನ ಭಾರ ಬೆಲ್ಲೋಸಿನ ಮೇಲೆ ಬೀಳದಂತೆ ಅದರ ಆಚೆಗೆ ಪ್ರತ್ಯೇಕ ಆಸರೆಯನ್ನೂ ಕೊಡಿಸಬೇಕು. ಈ ನಡುವೆ ರಾತ್ರಿಯಿಡೀ ಪಂಪು ಮತ್ತೆ ಮತ್ತೆ ಚಾಲೂ ಆಗತೊಡಗಿತ್ತು. ಕಾರಣ ಎರಡು: ಒಂದು ಮನೆಯ ಫ್ಲಶ್ ಟ್ಯಾಂಕಿನಲ್ಲಿ ಸದಾ ಸೋರುತ್ತಿದ್ದ ನೀರು, ಮತ್ತು ಪ್ರೆಶರ್ ಟ್ಯಾಂಕಿನಲ್ಲಿ ಇಳಿದುಹೋಗಿದ್ದ ಗಾಳಿ. ಪಂಪು ನಿಲ್ಲಿಸಿ, ನೀರಿನ ಒತ್ತಡ ಬಿಟ್ಟು, ಪಂಪು ಚಾಲೂ ಆಗುವ ಒತ್ತಡಕ್ಕಿಂತ ಸ್ವಲ್ಪ ಕಡಿಮೆ ಇರುವಂತೆ ಸೈಕಲ್ ಪಂಪಿನಿಂದಲೇ ಗಾಳಿ ತುಂಬಿಸಿದೆವು. ಟಯರಿನ ಗೇಜಿನಿಂದ ಇದನ್ನು ಆಗಾಗ ನೋಡುವುದು ಈಗ ವಾಚ್‌ಮನ್ ಅವರ ಕೆಲಸಗಳಲ್ಲಿ ಸೇರಿದೆ.

ಪ್ಯಾಡಿಗೆ ಐದರಲ್ಲಿ ಎರಡು ಅಂಕ, ಬೆಲ್ಲೋಸಿಗೆ ನಾಲ್ಕೂವರೆ. ಕ್ಲಾಂಪು, ಕೂಲಿ ಎಲ್ಲ ಸೇರಿ ನಮ್ಮ ಕೈಯಿಂದ ಹೋದದ್ದು ಒಂದು ತಿಂಗಳ ನಿರ್ವಹಣಾ ಶುಲ್ಕಕ್ಕಿಂತ ಸ್ವಲ್ಪ ಹೆಚ್ಚು. ಮನೆ ಬಿಡುವಾಗ ಅದನ್ನು ಕಿತ್ತೊಯ್ಯಲಾಗದು ಎಂಬುದನ್ನು ತಿಳಿದೇ ಖರ್ಚು ಮಾಡಿದೆ. ಅರ್ಧ ಅಂಕ ಹಿಡಿದದ್ದು ಪಂಪು ನಿಲ್ಲುವ ಗಳಿಗೆಯ 'ಧಡ್' ಸದ್ದಿಗಾಗಿ. ಪ್ರೆಶರ್ ಟ್ಯಾಂಕಿನ ನೀರು ಹಿಂದಕ್ಕೆ ತಳ್ಳಿದಾಗ, ನೀರು ಹಿಂದಿರುಗದಂತೆ ತಡೆಯುವ ನಾನ್-ರಿಟರ್ನ್ ವಾಲ್ವಿನ ಬಾಗಿಲು ಬಡಿದುಕೊಳ್ಳುವ ಈ ಸದ್ದನ್ನು ಬೆಲ್ಲೋಸ್ ತಡೆಯಲಾರದು. ನೀರು ಹಿಂದಿರುಗುವ ಮೊದಲೇ ಮುಚ್ಚಿಕೊಳ್ಳುವ ಸ್ಪ್ರಿಂಗ್ ವಾಲ್ವನ್ನು ಸಮಿತಿಯವರೇ ತರಿಸಿಟ್ಟಿದ್ದಾರೆ. ಮುಂದಿನ ಸಲ ಟ್ಯಾಂಕ್ ತೊಳೆಯಲು ನೀರು ನಿಲ್ಲಿಸಿದ ದಿನ ಅದನ್ನು ಹಾಕುವುದಾಗಿ ಪ್ಲಂಬರ್ ಹೇಳಿದ್ದಾರೆ.