ಗುದ್ದಿನ ವೇಗ ಮತ್ತು ಬಲ: ಡಂಬೆಲ್, ಬ್ಯಾಂಡ್, ಮೆಡಿಸಿನ್ ಬಾಲ್, ಬಾರ್‌ಬೆಲ್

ಬಲಗೈಯ ನೇರ ಗುದ್ದನ್ನು, ಅಂದರೆ ಕ್ರಾಸ್ ಅನ್ನು, ಚುರುಕುಗೊಳಿಸಲು ಬಾಕ್ಸಿಂಗ್ ಅಭ್ಯಾಸಿಗಳು ಸಾಮಾನ್ಯವಾಗಿ ಹಿಡಿಯುವ ನಾಲ್ಕು ವಿಧಾನಗಳನ್ನು ನಾನು ಒಂದೊಂದನ್ನೂ ಎಂಟು ವಾರ, ವಾರಕ್ಕೆ ಮೂರು ದಿನದಂತೆ, ಬೇರೆ ಬೇರೆಯಾಗಿ ಮಾಡಿ ನೋಡಿದ್ದೇನೆ. ವೇಗವನ್ನು ಅಳೆಯಲು ಮೊಬೈಲಿನಲ್ಲಿ ಸೆಕೆಂಡಿಗೆ 240 ಫ್ರೇಮ್‌ಗಳ ವಿಡಿಯೊ ತೆಗೆದು, ಮುಷ್ಟಿ ಗಲ್ಲದ ಬಳಿಯಿಂದ ಹೊರಟು ಗುದ್ದುವ ಬ್ಯಾಗನ್ನು ಮುಟ್ಟುವವರೆಗಿನ ಫ್ರೇಮ್‌ಗಳನ್ನು ಎಣಿಸಿದೆ. ಒಂದು ಫ್ರೇಮ್ ಎಂದರೆ ಸುಮಾರು 4 ಮಿಲಿಸೆಕೆಂಡು. ಬಲದ ವಿಷಯದಲ್ಲಿ ಮಾತ್ರ ಬ್ಯಾಗ್ ಹಿಡಿದು ನಿಲ್ಲುತ್ತಿದ್ದ ಜೊತೆಗಾರನ ಅನುಭವವನ್ನೇ ನೆಚ್ಚಿಕೊಳ್ಳಬೇಕಾಯಿತು. ಆಗ ನಾನು ಯಾವ ವಿಧಾನದಲ್ಲಿದ್ದೇನೆ ಎಂಬುದನ್ನು ಅವನಿಗೆ ಹೇಳುತ್ತಿರಲಿಲ್ಲ.

ಮೊದಲು ಆರಿಸಿಕೊಂಡದ್ದು ಒಂದೊಂದು ಕಿಲೋ ಡಂಬೆಲ್ ಹಿಡಿದು ಮಾಡುವ ಶ್ಯಾಡೋ ಬಾಕ್ಸಿಂಗ್, ಅಂದರೆ ಎದುರಾಳಿಯಿಲ್ಲದೆ ಗಾಳಿಯಲ್ಲಿ ಗುದ್ದುವುದು. ಮೂರು ನಿಮಿಷದ ಮೂರು ಸುತ್ತು ಮುಗಿಸಿ ಡಂಬೆಲ್ ಕೆಳಗಿಟ್ಟ ಕೂಡಲೇ ಕೈಗಳು ಹಗುರಾಗಿ ಹಾರುವಂತೆ ಅನ್ನಿಸುತ್ತದೆ. ಆದರೆ ಎಂಟನೆಯ ವಾರದ ವಿಡಿಯೊದಲ್ಲಿ ಒಂದು ಫ್ರೇಮಿನ ವ್ಯತ್ಯಾಸವೂ ಇರಲಿಲ್ಲ. ಕಾರಣ ಸರಳವಾಗಿದೆ: ಗುದ್ದು ಮುಂದಕ್ಕೆ ಹೋಗುತ್ತದೆ, ಡಂಬೆಲ್‌ನ ಭಾರ ಕೆಳಕ್ಕೆ ಎಳೆಯುತ್ತದೆ. ಹೀಗಾಗಿ ದಣಿಯುವುದು ಕೈಯನ್ನು ಮೇಲೆತ್ತಿ ಹಿಡಿಯುವ ಭುಜದ ಸ್ನಾಯುವೇ ಹೊರತು ಗುದ್ದನ್ನು ತಳ್ಳುವ ಸ್ನಾಯುಗಳಲ್ಲ. ಗುದ್ದಿನ ಕೊನೆಯಲ್ಲಿ ಆ ಭಾರವನ್ನು ತಡೆದು ನಿಲ್ಲಿಸಬೇಕಾದ ಹೊರೆಯೂ ಮೊಣಕೈ ಮೇಲೆಯೇ ಬೀಳುತ್ತದೆ; ನನಗೆ ಐದನೆಯ ವಾರದಲ್ಲೇ ಮೊಣಕೈ ನೋವು ಕಾಣಿಸಿಕೊಂಡಿತು. ಇದನ್ನು ನಾನು ಯಾರಿಗೂ ಶಿಫಾರಸು ಮಾಡಲಾರೆ.

ಬೆನ್ನಿನ ಹಿಂದಿನಿಂದ ತಂದು ಕೈಯಲ್ಲಿ ಹಿಡಿಯುವ ರಬ್ಬರ್ ಬ್ಯಾಂಡ್‌ನ ಎಳೆತ ಕನಿಷ್ಠ ಪಕ್ಷ ಸರಿಯಾದ ದಿಕ್ಕಿನಲ್ಲಿದೆ. ಆದರೆ ಹಿಗ್ಗಿದಷ್ಟೂ ಬ್ಯಾಂಡ್ ಬಿಗಿಯಾಗುವುದರಿಂದ, ಮುಷ್ಟಿ ಅತಿ ವೇಗದಲ್ಲಿರಬೇಕಾದ ಘಟ್ಟದಲ್ಲೇ ಅದರ ತಡೆಯೂ ಗರಿಷ್ಠವಾಗಿರುತ್ತದೆ. ಕೈಯನ್ನು ಹಿಂದಕ್ಕೆ ತರುವ ಕೆಲಸವನ್ನೂ ಬ್ಯಾಂಡೇ ಮಾಡಿಬಿಡುವುದರಿಂದ ಆ ಸ್ನಾಯುಗಳಿಗೆ ಅಭ್ಯಾಸವೇ ಸಿಗುವುದಿಲ್ಲ. ಅದೇ ಬ್ಯಾಂಡನ್ನು ಸೊಂಟಕ್ಕೆ ಕಟ್ಟಿಕೊಂಡು ಬರಿಗೈಯಲ್ಲಿ ಗುದ್ದಿದಾಗ ಮಾತ್ರ ಹಿಂಗಾಲಿನಿಂದ ನೆಲವನ್ನು ಒದೆಯುವ ಅರಿವು ಚೆನ್ನಾಗಿ ಮೂಡಿತು.

ನಿಜವಾದ ಬದಲಾವಣೆ ಕಂಡದ್ದು ಭಾರದ ಚೆಂಡಾದ ಮೆಡಿಸಿನ್ ಬಾಲ್‌ನಿಂದ. ಪಕ್ಕಕ್ಕೆ ತಿರುಗಿ ಗೋಡೆಗೆ ಎಸೆಯುವುದು, ಗುದ್ದುವ ನಿಲುವಿನಲ್ಲೇ ಗುಂಡೆಸೆತದಂತೆ ಒಂದು ಕೈಯಿಂದ ತಳ್ಳುವುದು, ಈ ಎರಡೇ ಕ್ರಮಗಳನ್ನು ನಾನು ಮಾಡಿದ್ದು. ಚೆಂಡು ಕೈ ಬಿಟ್ಟು ಹೋಗುತ್ತದೆ ಎಂಬುದೇ ಇಲ್ಲಿನ ಮುಖ್ಯ ಸಂಗತಿ. ಕೈಯಲ್ಲೇ ಉಳಿಯುವ ಭಾರವನ್ನು ವೇಗವಾಗಿ ತಳ್ಳುವಾಗ ದೇಹವು ಚಲನೆಯ ಕೊನೆಯ ಭಾಗವನ್ನು ಅದನ್ನು ನಿಲ್ಲಿಸುವುದಕ್ಕೇ ಬಳಸುತ್ತದೆ. ಎಸೆತದಲ್ಲಿ ಆ ತಡೆ ಇಲ್ಲದ ಕಾರಣ ಬೆರಳ ತುದಿಯವರೆಗೂ ವೇಗವನ್ನು ಏರಿಸುತ್ತಲೇ ಹೋಗಬಹುದು. ಮೊದಲ ಎರಡು ವಾರ ಆರು ಕಿಲೋ ಚೆಂಡು ಹಿಡಿದದ್ದು ತಪ್ಪಾಯಿತು, ಏಕೆಂದರೆ ಎಸೆತ ನಿಧಾನವಾಗಿ ನೂಕಿದಂತಾಗುತ್ತಿತ್ತು. ಮೂರು ಕಿಲೋಗೆ ಇಳಿದ ಮೇಲೆ ಸೊಂಟ ಮೊದಲು ತಿರುಗಿ ಭುಜ ಅದನ್ನು ಹಿಂಬಾಲಿಸುವ ಅನುಕ್ರಮ ತಾನಾಗಿ ಕೂಡಿಬಂತು. ಒಂದು ಸರದಿಗೆ ಐದೇ ಎಸೆತ, ನಡುವೆ ಪೂರ್ತಿ ಎರಡು ನಿಮಿಷ ವಿಶ್ರಾಂತಿ, ಹೀಗೆ ಆರು ಸರದಿ. ಕೆಲವೇ ಸೆಕೆಂಡುಗಳ ಗರಿಷ್ಠ ಶ್ರಮಕ್ಕೆ ಒದಗುವ ಸ್ನಾಯುವಿನ ಶಕ್ತಿ ಸಂಗ್ರಹವಾದ ಫಾಸ್ಫೋಕ್ರಿಯಾಟಿನ್ ಮತ್ತೆ ತುಂಬಿಕೊಳ್ಳಲು ನಿಮಿಷಗಳೇ ಬೇಕು. ವಿಶ್ರಾಂತಿಯನ್ನು ಕತ್ತರಿಸಿದರೆ ಅಭ್ಯಾಸವು ವೇಗದ್ದಾಗಿ ಉಳಿಯದೆ ದಮ್ಮಿನದಾಗುತ್ತದೆ. ಎಂಟನೆಯ ವಾರದ ಕೊನೆಗೆ ನನ್ನ ಗುದ್ದಿನಲ್ಲಿ ಮೂರು ಫ್ರೇಮ್ ಕಡಿಮೆಯಾಗಿತ್ತು.

ಬಾರ್‌ಬೆಲ್ ಸ್ಕ್ವಾಟ್ ಮತ್ತು ಡೆಡ್‌ಲಿಫ್ಟ್‌ಗಳಿಂದ, ಅಂದರೆ ಭಾರವನ್ನು ಹೆಗಲ ಮೇಲಿಟ್ಟು ಕುಳಿತೇಳುವುದರಿಂದ ಮತ್ತು ನೆಲದಿಂದ ಎತ್ತುವುದರಿಂದ, ವೇಗ ಹೆಚ್ಚಲಿಲ್ಲ, ಆದರೆ ಗುದ್ದಿನ ತೂಕ ಹೆಚ್ಚಿತೆಂದು ಜೊತೆಗಾರ ತಾನಾಗಿಯೇ ಹೇಳಿದ. ಗುದ್ದು ಹುಟ್ಟುವುದೇ ಹಿಂಗಾಲಿನಲ್ಲಿ ಎಂಬುದನ್ನು ನೆನೆದರೆ ಇದರಲ್ಲಿ ಆಶ್ಚರ್ಯವಿಲ್ಲ. ಸ್ನಾಯು ವೇಗವಾಗಿ ಸಂಕುಚಿಸಿದಷ್ಟೂ ಅದು ಹುಟ್ಟಿಸುವ ಬಲ ಕಡಿಮೆಯಾಗುತ್ತದೆ ಎಂಬುದನ್ನು ಬ್ರಿಟಿಷ್ ಶರೀರಕ್ರಿಯಾ ವಿಜ್ಞಾನಿ ಎ.ವಿ. ಹಿಲ್ 1938ರಲ್ಲೇ ತೋರಿಸಿದ್ದರು. ಭಾರ ಎತ್ತುವುದು ಬಲ-ವೇಗಗಳ ಆ ರೇಖೆಯ ಬಲದ ತುದಿಯನ್ನು ಬೆಳೆಸಿದರೆ ಚೆಂಡೆಸೆತ ವೇಗದ ತುದಿಯನ್ನು ಬೆಳೆಸುತ್ತದೆ. ಆದ್ದರಿಂದ ಇವೆರಡನ್ನು ಪರಸ್ಪರ ಎದುರಾಳಿಗಳೆಂದು ನೋಡುವುದನ್ನು ನಾನು ಬಿಟ್ಟಿದ್ದೇನೆ. ಈಗ ವಾರಕ್ಕೆ ಎರಡು ದಿನ ಬಾರ್‌ಬೆಲ್, ಬೇರೆ ಎರಡು ದಿನ ದೇಹ ದಣಿಯುವ ಮುನ್ನ ಚೆಂಡೆಸೆತ, ಅದರ ಬೆನ್ನಿಗೇ ಬ್ಯಾಗಿನ ಮೇಲೆ ಹತ್ತು ಸೆಕೆಂಡಿನ ಪೂರ್ಣ ವೇಗದ ಗುದ್ದುಗಳು. ಆಗ ಮುಷ್ಟಿಯನ್ನು ಮೊದಲೇ ಬಿಗಿಯದೆ, ಬ್ಯಾಗ್ ಮುಟ್ಟುವ ಕ್ಷಣದಲ್ಲಷ್ಟೇ ಬಿಗಿಯುತ್ತೇನೆ.

ಚೆಂಡಿನ ಸರದಿ ಬರುವ ಹೊತ್ತಿಗೆ ನನ್ನ ಒಟ್ಟು ಅಭ್ಯಾಸವೇ ಹೆಚ್ಚಾಗಿತ್ತು, ಆ ಮೂರು ಫ್ರೇಮ್‌ಗಳು ಅದರ ಫಲವೂ ಆಗಿರಬಹುದಲ್ಲವೇ ಎಂಬ ಸಂದೇಹ ನನಗೂ ಬಂದಿತ್ತು. ಅದಕ್ಕಾಗಿ ಕೊನೆಯಲ್ಲಿ ಚೆಂಡನ್ನು ಬಿಟ್ಟು ಮತ್ತೆ ನಾಲ್ಕು ವಾರ ಡಂಬೆಲ್ ಹಿಡಿದು ನೋಡಿದೆ. ಗಳಿಸಿದ ಮೂರರಲ್ಲಿ ಎರಡು ಫ್ರೇಮ್ ಕೈತಪ್ಪಿದವು. ಚೆಂಡಿಗೆ ಮರಳಿದ ಐದನೆಯ ವಾರಕ್ಕೆ ಅವು ಹಿಂತಿರುಗಿದವು.