ಹಾಲೊಡಕಿಗೆ ಅನೇರೋಬಿಕ್ ಮೆಂಬ್ರೇನ್ ರಿಯಾಕ್ಟರ್: ಎರಡು ಬೇಸಿಗೆಗಳ ಬಳಕೆಯ ನಂತರ

ಕಲಬುರಗಿಯ ಸೇಡಂ ರಸ್ತೆಯಲ್ಲಿರುವ ನಮ್ಮ ಪನೀರ್ ಘಟಕದಲ್ಲಿ ಅನೇರೋಬಿಕ್ ಮೆಂಬ್ರೇನ್ ರಿಯಾಕ್ಟರ್ (ಕೊಳೆ ನೀರನ್ನು ಗಾಳಿಯಿಲ್ಲದ ತೊಟ್ಟಿಯಲ್ಲಿ ಸೂಕ್ಷ್ಮಜೀವಿಗಳಿಂದ ಶುದ್ಧಮಾಡಿ ಪೊರೆಯಲ್ಲಿ ಸೋಸುವ ಯಂತ್ರ) ಕೂರಿಸಿ ಎರಡು ಬೇಸಿಗೆಗಳು ಕಳೆದಿವೆ. ಇದನ್ನು ಕೊಳ್ಳಬಹುದೇ ಎಂದು ಸುತ್ತಲಿನ ಡೇರಿಯವರು ಕೇಳುತ್ತಿರುತ್ತಾರೆ. ಕೊಳ್ಳಬಹುದು, ಆದರೆ ಮುಂಗಡ ಕೊಡುವ ಮೊದಲು ನಿಮ್ಮ ಬೋರ್‌ವೆಲ್ ನೀರನ್ನು ಪರೀಕ್ಷೆಗೆ ಕಳುಹಿಸಿ.

ಪನೀರ್ ಮಾಡಿದಾಗ ಹಾಲಿನ ಮುಕ್ಕಾಲು ಪಾಲಿಗಿಂತ ಹೆಚ್ಚು ಹಾಲೊಡಕಾಗಿ ಉಳಿಯುತ್ತದೆ. ಮನೆಯ ಕೊಳಚೆ ನೀರಿನ ಸಿಒಡಿ (ನೀರಿನಲ್ಲಿರುವ ಕೊಳೆಯನ್ನು ಕಳೆಯಲು ಬೇಕಾಗುವ ಆಮ್ಲಜನಕದ ಅಳತೆ) ಲೀಟರಿಗೆ ಕೆಲವು ನೂರು ಮಿಲಿಗ್ರಾಂ ಇದ್ದರೆ ಹಾಲೊಡಕಿನದು 50,000 ದಾಟುತ್ತದೆ. ಇಷ್ಟು ಕೊಳೆ ತುಂಬಿದ ನೀರಿಗೆ ಗಾಳಿ ಊದಿ ಶುದ್ಧ ಮಾಡಲು ಹೊರಟರೆ ವಿದ್ಯುತ್ ಬಿಲ್ಲೇ ಘಟಕವನ್ನು ಮುಳುಗಿಸುತ್ತದೆ. ಗಾಳಿಯಿಲ್ಲದ ತೊಟ್ಟಿಯಲ್ಲಿ ಸೂಕ್ಷ್ಮಜೀವಿಗಳು ಅದೇ ಕೊಳೆಯನ್ನು ಮೀಥೇನ್ ಮಾಡುತ್ತವೆ, ಆದರೆ ಮೀಥೇನ್ ಮಾಡುವ ಜೀವಿಗಳು ಬಹಳ ನಿಧಾನವಾಗಿ ಬೆಳೆಯುತ್ತವೆ; ಸಾಮಾನ್ಯ ತೊಟ್ಟಿಯಲ್ಲಿ ಹಾಲಿನ ಜಿಡ್ಡು ಈ ಜೀವಿಗಳಿರುವ ಕೆಸರಿಗೆ ಅಂಟಿ ಅದನ್ನು ತೇಲಿಸಿ ಹೊರಗೆ ಒಯ್ಯುತ್ತದೆ. ಒಂದು ಮೈಕ್ರಾನಿನ ಹತ್ತನೇ ಒಂದು ಭಾಗಕ್ಕಿಂತಲೂ ಸಣ್ಣ ರಂಧ್ರಗಳ ಪೊರೆಯು ನೀರನ್ನೂ ಅದರಲ್ಲಿ ಕರಗಿದ್ದನ್ನೂ ಬಿಟ್ಟು ಜೀವಿಗಳನ್ನು ಒಳಗೇ ಹಿಡಿದಿಡುತ್ತದೆ. 1980ರ ದಶಕದ ಆರಂಭದಲ್ಲಿ ಅಮೆರಿಕದ ಡಾರ್-ಆಲಿವರ್ ಕಂಪನಿ ಈ ವಿಧಾನವನ್ನು ಪ್ರಯೋಗಿಸಿದ್ದೂ ಹಾಲೊಡಕಿನ ಮೇಲೆಯೇ.

ನಮ್ಮ ಊರಿನ ಬಿಸಿಲು ಈ ಯಂತ್ರಕ್ಕೆ ಅನುಕೂಲ. ಈ ಜೀವಿಗಳಿಗೆ 35 ಡಿಗ್ರಿಯ ಆಸುಪಾಸಿನ ಶಾಖ ಬೇಕು, ವರ್ಷದ ಬಹುಪಾಲು ನಾವು ತೊಟ್ಟಿಯನ್ನು ಕಾಯಿಸುವುದೇ ಇಲ್ಲ. ಲೆಕ್ಕದ ಪ್ರಕಾರ 1 ಕಿಲೋ ಸಿಒಡಿ ಕಳೆದರೆ 0.35 ಘನ ಮೀಟರ್ ಮೀಥೇನ್ ಬರಬೇಕು. ಹಾಗಾದರೆ 100 ಕಿಲೋ ಸಿಒಡಿಯಲ್ಲಿ ಎರಡು ಮನೆಬಳಕೆಯ ಸಿಲಿಂಡರ್‌ಗಳಿಗೆ ತುಸು ಕಡಿಮೆ ಇಂಧನವಿದೆ. ನಮಗೆ ಅಷ್ಟು ಪೂರ್ತಿ ಸಿಗುವುದಿಲ್ಲವಾದರೂ ಹಾಲು ಕಾಯಿಸುವ ಬಾಯ್ಲರಿನ ಖರ್ಚು ಕಣ್ಣಿಗೆ ಕಾಣುವಷ್ಟು ಇಳಿದಿದೆ. ಶರಣಬಸವೇಶ್ವರ ಜಾತ್ರೆಯ ವಾರದಲ್ಲಿ ಹೆಚ್ಚಿನ ಹಾಲೊಡಕನ್ನು ಒಮ್ಮೆಲೇ ಸುರಿದೆವು. ಒಳಗೆ ಹುಳಿ ಏರಿ ಅನಿಲ ನಿಂತೇಹೋಯಿತು. ಅಂದಿನಿಂದ ಬೇರೊಂದು ತೊಟ್ಟಿಯಲ್ಲಿ ಕೂಡಿಟ್ಟು ದಿನವಿಡೀ ಸಮನಾಗಿ ಬಿಡುತ್ತಿದ್ದೇವೆ.

ನಿಜವಾದ ತೊಂದರೆ ಬಂದದ್ದು ಪೊರೆಯಲ್ಲಿ. ಶಹಾಬಾದಿ ಕಲ್ಲು ಸಿಗುವ ಈ ನೆಲ ಸುಣ್ಣಕಲ್ಲಿನದು, ನಮ್ಮ ಬೋರ್‌ವೆಲ್ ನೀರೂ ಗಡಸು. ಇದೇ ನೀರಿನಲ್ಲಿರುವ ಕ್ಷಾರದ ಅಂಶ ತೊಟ್ಟಿಯ ಹುಳಿಯನ್ನು ಒಂದಿಷ್ಟು ತಡೆಯುತ್ತದೆ ಎಂಬುದು ನಿಜ. ಆದರೆ ಪನೀರಿಗೆ ಹುಳಿ ಹಾಕಿ ಹಾಲು ಒಡೆಸಿದಾಗ ಹಾಲಿನ ಕ್ಯಾಲ್ಸಿಯಂ ಕೂಡ ಹಾಲೊಡಕಿಗೇ ಇಳಿಯುವುದರಿಂದ ಎರಡೂ ಸೇರಿ ಪೊರೆಯ ಮೇಲೆ ಸುಣ್ಣದ ಪದರು ಕಟ್ಟುತ್ತವೆ. ಪೂರೈಕೆದಾರರು ಕೊಟ್ಟ ಕೈಪಿಡಿಯಲ್ಲಿ ಹೈಪೋಕ್ಲೋರೈಟ್ (ಬ್ಲೀಚ್ ದ್ರಾವಣ) ತೊಳೆತವೊಂದನ್ನೇ ಬರೆದಿದ್ದರು. ಅದು ಜೈವಿಕ ಲೋಳೆಯನ್ನು ಕಳೆಯುತ್ತದೆ, ಸುಣ್ಣವನ್ನು ಮುಟ್ಟುವುದಿಲ್ಲ. ತೊಳೆದ ಕೆಲವೇ ದಿನಗಳಲ್ಲಿ ಪೊರೆ ಕಟ್ಟಿಕೊಂಡು ಒತ್ತಡಮಾಪಕದ ಮುಳ್ಳು ಮತ್ತೆ ಮೇಲೇರುತ್ತಿತ್ತು. ಸಿಟ್ರಿಕ್ ಆಮ್ಲದ ತೊಳೆತ ಸೇರಿಸಿದ ಮೇಲೆಯೇ ಪೊರೆ ಮೊದಲಿನಂತೆ ನೀರು ಬಿಟ್ಟದ್ದು. ಎರಡು ತೊಳೆತಗಳ ನಡುವೆ ಬರೀ ನೀರಿನಲ್ಲಿ ಚೆನ್ನಾಗಿ ಜಾಲಾಡಲೇಬೇಕು, ಏಕೆಂದರೆ ಹೈಪೋಕ್ಲೋರೈಟ್‌ಗೆ ಆಮ್ಲ ಕೂಡಿದರೆ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ಇಷ್ಟು ಮುಖ್ಯವಾದ ಎಚ್ಚರಿಕೆಯನ್ನು ನಮ್ಮ ಕೆಲಸಗಾರರಿಗೆ ಕನ್ನಡದಲ್ಲಿ ಬರೆದುಕೊಡದೇ ಇದ್ದದ್ದು ಪೂರೈಕೆದಾರರ ದೊಡ್ಡ ಲೋಪವೆಂದೇ ನಾನು ತಿಳಿಯುತ್ತೇನೆ.

ಅನಿಲದಲ್ಲಿ ಕೊಳೆತ ಮೊಟ್ಟೆಯ ವಾಸನೆಯ ಗಂಧಕದ ಅಂಶವಿರುತ್ತದೆ. ಕಬ್ಬಿಣದ ತುಕ್ಕಿನ ಸೋಸುಕವಿಲ್ಲದೆ ಬರ್ನರಿಗೆ ಕೊಡಬೇಡಿ.

ಹೊರಬರುವ ನೀರು ತಿಳಿಯಾಗಿದ್ದರೂ ಸಾರಜನಕ ಅದರಲ್ಲೇ ಉಳಿಯುತ್ತದೆ. ಹಳ್ಳಕ್ಕೆ ಬಿಡಲು ಅದು ಯೋಗ್ಯವಲ್ಲ, ನೇಪಿಯರ್ ಹುಲ್ಲಿಗೆ ಒಳ್ಳೆಯ ಗೊಬ್ಬರ. ಆದರೆ ಪಾತ್ರೆ ತೊಳೆದ ಕಾಸ್ಟಿಕ್ ಸೋಡಾದ ಸೋಡಿಯಂ ಅನ್ನು ಪೊರೆ ತಡೆಯುವುದಿಲ್ಲ, ಸೋಡಿಯಂ ಕೂಡಿದ ಎರೆಮಣ್ಣು ಬಿಗಿದು ನೀರು ಇಂಗದಂತಾಗುತ್ತದೆ. ಹಾಗಾಗಿ ಆ ತೊಳೆದ ನೀರಿಗೆ ಬೇರೆಯೇ ಕೊಳವೆ ಹಾಕಿಸಿದ್ದೇವೆ, ಹುಲ್ಲಿನ ಹೊಲದ ಮಣ್ಣನ್ನು ಪ್ರತಿ ಮುಂಗಾರಿನ ಮೊದಲು ಪರೀಕ್ಷೆಗೆ ಕೊಡುತ್ತಿದ್ದೇವೆ.