ಅಪೂರ್ಣ ಗೋಳದ ಲಾಂಛನ: ವಿಕಿಪೀಡಿಯ ಸಮುದಾಯದ ಆಯ್ಕೆಯ ವಿಮರ್ಶೆ

ಸ್ವಯಂಸೇವಕರೇ ಸೇರಿ ನಡೆಸುವ ಜಾಲಸಮುದಾಯವೊಂದು ತನ್ನ ಲಾಂಛನವನ್ನು ಮತ ಹಾಕಿ ಆರಿಸಿಕೊಳ್ಳಲು ಹೊರಟರೆ, ಹೆಚ್ಚಿನ ಸಲ ಯಾರಿಗೂ ಬೇಸರ ತರದ ಮತ್ತು ಯಾರ ನೆನಪಿನಲ್ಲೂ ನಿಲ್ಲದ ಒಂದು ಚಿತ್ರ ಗೆಲ್ಲುತ್ತದೆ. ವಿಕಿಪೀಡಿಯದ ಜಿಗ್ಸಾ ಗೋಳ ಇದಕ್ಕೆ ಅಪವಾದ. ದಿನವೂ ಕಣ್ಣಿಗೆ ಬಿದ್ದರೂ ನಾವು ನಿಂತು ನೋಡದ ಈ ಲಾಂಛನವನ್ನು, ಅದು ಆಯ್ಕೆಯಾದ ಬಗೆಯನ್ನೂ ಸೇರಿಸಿ, ಬಳಕೆಯ ವಸ್ತುವೊಂದನ್ನು ಪರೀಕ್ಷಿಸುವ ಹಾಗೆ ಪರೀಕ್ಷಿಸುವುದು ಈ ಬರಹದ ಉದ್ದೇಶ.

2001ರ ಕೊನೆಯಲ್ಲಿ ನಡೆದ ಮೊದಲ ಸ್ಪರ್ಧೆಯಲ್ಲಿ ಗೆದ್ದ ಲಾಂಛನದಲ್ಲಿ ಥಾಮಸ್ ಹಾಬ್ಸ್ ಎಂಬ ಇಂಗ್ಲಿಷ್ ದಾರ್ಶನಿಕನ ಬರಹದ ಸಾಲುಗಳನ್ನು ಉಬ್ಬುಗಾಜಿನ ಕೆಳಗಿಟ್ಟಂತೆ ವೃತ್ತಾಕಾರಕ್ಕೆ ಬಾಗಿಸಲಾಗಿತ್ತು. ನೋಡಲು ಚೆನ್ನಾಗಿಯೇ ಇತ್ತು. ಆದರೆ ಹತ್ತಾರು ಭಾಷೆಗಳಿಗೆ ಹರಡುತ್ತಿದ್ದ ವಿಶ್ವಕೋಶದ ಹಣೆಯ ಮೇಲೆ ಇಂಗ್ಲಿಷ್ ಗದ್ಯ ಮಾತ್ರ ಇರುವುದು ಸರಿಹೋಗಲಿಲ್ಲ. 2003ರಲ್ಲಿ ಮತ್ತೆ ಸ್ಪರ್ಧೆ ಕರೆಯಲಾಯಿತು. ಕನ್ನಡ ವಿಕಿಪೀಡಿಯ ಆರಂಭವಾದದ್ದೂ ಅದೇ ವರ್ಷ. ಸ್ಪರ್ಧೆಯಲ್ಲಿ ಮುಂದೆ ಬಂದದ್ದು ಆಗ ಹದಿನೇಳರ ಹರೆಯದಲ್ಲಿದ್ದ ಪಾಲ್ ಸ್ಟಾನ್ಸಿಫರ್ ಅವರ ಕಲ್ಪನೆ: ಜಿಗ್ಸಾ ತುಣುಕುಗಳಿಂದ ಕಟ್ಟಿದ, ಬಣ್ಣಬಣ್ಣದ, ಮೇಲೆಲ್ಲ ಬರಹ ಹರಡಿಕೊಂಡ ಒಂದು ಗೋಳ.

ಈ ಆಯ್ಕೆಯ ಪ್ರಕ್ರಿಯೆಯಲ್ಲಿ ನನಗೆ ಅತ್ಯಂತ ಮೆಚ್ಚಿಗೆಯಾದದ್ದು ಮತದಾನವಲ್ಲ, ಅದರ ನಂತರದ ಹಂತ. ಗೆದ್ದ ಚಿತ್ರವನ್ನು ಬಂದ ಹಾಗೆಯೇ ಏರಿಸಿಬಿಡದೆ, ಕಲ್ಪನೆಯನ್ನು ಮಾತ್ರ ಉಳಿಸಿಕೊಂಡು ರೂಪವನ್ನು ತಿದ್ದಲು ಅವಕಾಶ ಕೊಡಲಾಯಿತು. ಡೇವಿಡ್ ಫ್ರೀಡ್‌ಲ್ಯಾಂಡ್ ಎಂಬ ಇನ್ನೊಬ್ಬ ಸದಸ್ಯರು ಬಣ್ಣಗಳನ್ನು ತೆಗೆದು ಬೂದು ಛಾಯೆಗೆ ಇಳಿಸಿದರು. ಬರಹದ ಗದ್ದಲವನ್ನು ಅಳಿಸಿ, ಒಂದು ತುಣುಕಿಗೆ ಒಂದು ಲಿಪಿಯ ಒಂದು ಅಕ್ಷರ ಎಂಬ ಕ್ರಮಕ್ಕೆ ತಂದರು. ಸಮುದಾಯದ ಮತ ಕಲ್ಪನೆಯನ್ನು ಆರಿಸಿತು, ನುರಿತ ಕೈಯೊಂದು ಅದನ್ನು ಲಾಂಛನವಾಗಿಸಿತು. ನಮ್ಮ ಸಂಘಸಂಸ್ಥೆಗಳ ಲಾಂಛನ ಸ್ಪರ್ಧೆಗಳಲ್ಲಿ ಬಹುಮಾನ ಬಂದ ಚಿತ್ರದ ಒಂದು ಗೆರೆ ಮುಟ್ಟಿದರೂ ಮನಸ್ತಾಪವಾಗುತ್ತದೆ, ಇಲ್ಲಿ ಹಾಗಾಗಲಿಲ್ಲ.

ಈಗ ಲಾಂಛನವನ್ನೇ ಹತ್ತಿರದಿಂದ ನೋಡೋಣ. ಗೋಳದ ತಲೆಯ ಭಾಗದಲ್ಲಿ ಕೆಲವು ತುಣುಕುಗಳಿಲ್ಲ. ವಿಶ್ವಕೋಶ ಇನ್ನೂ ಮುಗಿದಿಲ್ಲ, ಮುಗಿಯುವುದೂ ಇಲ್ಲ ಎಂಬ ಮಾತನ್ನು ಆ ಖಾಲಿ ಜಾಗವೇ ಹೇಳುತ್ತದೆ. ಉಳಿದ ತುಣುಕುಗಳ ಮೇಲೆ ಲ್ಯಾಟಿನ್, ಗ್ರೀಕ್, ಅರಬ್ಬಿ, ಚೀನೀ, ದೇವನಾಗರಿ, ತಮಿಳು ಮುಂತಾದ ಲಿಪಿಗಳ ಅಕ್ಷರಗಳಿವೆ. ಅವುಗಳಲ್ಲಿ ಕನ್ನಡದ ‘ವಿ’ಯೂ ಒಂದು. ತಲೆಕಟ್ಟು ಬಿಟ್ಟು ಗುಡಿಸು ಪಡೆದ ಆ ವಕಾರವನ್ನು ಇಷ್ಟು ದೊಡ್ಡ ಜಾಗತಿಕ ಲಾಂಛನದಲ್ಲಿ ಕಾಣುವುದು ಕನ್ನಡ ಓದುಗನಿಗೆ ಖುಷಿಯ ಸಂಗತಿ ಎಂದು ಬೇರೆ ಹೇಳಬೇಕಿಲ್ಲ. ಆದರೂ ಅದು ಗೋಳದಲ್ಲಿದೆ ಎಂದು ಗೊತ್ತಿರುವ ಕನ್ನಡಿಗರು ವಿರಳ ಎಂಬುದು ನನ್ನ ಅನುಮಾನ.

ಅಕ್ಷರಗಳ ವಿಷಯದಲ್ಲೇ ಈ ಲಾಂಛನ ನಗೆಪಾಟಲಿಗೂ ಈಡಾಯಿತು. 2003ರ ಗೋಳದ ದೇವನಾಗರಿ ‘ವಿ’ ತಪ್ಪಾಗಿತ್ತು. ದೇವನಾಗರಿಯಲ್ಲಿ ಹ್ರಸ್ವ ಇಕಾರದ ಚಿಹ್ನೆಯನ್ನು ಉಚ್ಚಾರಣೆಯಲ್ಲಿ ವ್ಯಂಜನದ ನಂತರ ಕೇಳುತ್ತೇವೆ, ಬರವಣಿಗೆಯಲ್ಲಿ ಅದರ ಎಡಕ್ಕೆ ಹಾಕುತ್ತೇವೆ. ಭಾರತೀಯ ಲಿಪಿಗಳ ಜೋಡಣೆಯ ನಿಯಮ ಅರಿಯದ ತಂತ್ರಾಂಶ ಈ ಅದಲುಬದಲನ್ನು ಮಾಡುವುದಿಲ್ಲ. ಗೋಳದಲ್ಲೂ ಚಿಹ್ನೆ ವಕಾರದ ತಪ್ಪು ಬದಿಯಲ್ಲಿ ನಿಂತಿತು. ಕನ್ನಡದಲ್ಲಿ ಗುಡಿಸು ಅಕ್ಷರದ ನೆತ್ತಿಗೇ ಸೇರಿಕೊಳ್ಳುವುದರಿಂದ ಇದೇ ಬಗೆಯ ಅಪಘಾತಕ್ಕೆ ಎಡೆಯಿರಲಿಲ್ಲ. ಜಪಾನೀ ತುಣುಕಿನಲ್ಲಿಯೂ ದೋಷವಿತ್ತು. 2007ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಇದನ್ನೇ ಸುದ್ದಿ ಮಾಡಿತು. ಯಾರು ಬೇಕಾದರೂ ತಿದ್ದಬಹುದಾದ ವಿಶ್ವಕೋಶದಲ್ಲಿ ತಕ್ಷಣ ತಿದ್ದಲಾಗದೆ ಉಳಿದದ್ದು ಅದರ ಲಾಂಛನ ಮಾತ್ರ!

ತಿದ್ದುಪಡಿ 2010ರ ಮೇ ತಿಂಗಳಲ್ಲಿ ಬಂತು. ಫಿಲಿಪ್ ಮೆಟ್ಶನ್ ಗೋಳವನ್ನು ಕಂಪ್ಯೂಟರಿನಲ್ಲಿ ಮೂರು ಆಯಾಮದ ಮಾದರಿಯಾಗಿ ಹೊಸದಾಗಿ ಕಟ್ಟಿದರು. ನೆರಳುಬೆಳಕು ಸ್ಪಷ್ಟವಾಯಿತು, ತಪ್ಪು ಅಕ್ಷರಗಳು ಸರಿಯಾದವು. ಬದಲಾವಣೆ ಎಷ್ಟು ಸಂಯಮದ್ದೆಂದರೆ, ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ನೋಡದವರಿಗೆ ವ್ಯತ್ಯಾಸವೇ ಹೊಳೆಯುವುದಿಲ್ಲ. ಹೊಸ ರೂಪ ಬಂತೆಂದರೆ ಗುರುತೇ ಸಿಗದಂತೆ ಬದಲಾಗಬೇಕು ಎಂಬ ಹಟ ಇಲ್ಲಿಲ್ಲ, ಅದಕ್ಕಾಗಿ ಪೂರ್ಣ ಅಂಕ. 2014ರಲ್ಲಿ ಪೋಲೆಂಡಿನ ಸ್ವುಬಿತ್ಸೆ ಪಟ್ಟಣದಲ್ಲಿ ನಿಲ್ಲಿಸಿದ ವಿಕಿಪೀಡಿಯ ಸ್ಮಾರಕದಲ್ಲಿ ನಾಲ್ಕು ಮಾನವಾಕೃತಿಗಳು ಇದೇ ಗೋಳವನ್ನು ಎತ್ತಿ ಹಿಡಿದಿವೆ. ಪರದೆಗಾಗಿ ಹುಟ್ಟಿದ ಆಕಾರ ಶಿಲ್ಪವಾಗಿಯೂ ನಿಲ್ಲುತ್ತದೆ ಎಂಬುದಕ್ಕೆ ಅದು ಸಾಕು.

ಕೊರತೆಗಳೂ ಇವೆ. ಮೊದಲನೆಯದು ಗಾತ್ರ. ಗಣಕದ ಪರದೆಯ ಮೂಲೆಯಲ್ಲಿ ದೊಡ್ಡದಾಗಿ ಕೂತಾಗ ಗೋಳ ಗಂಭೀರವಾಗಿ ಕಾಣುತ್ತದೆ. ಮೊಬೈಲಿನಲ್ಲಿ ಕಿರಿದಾದಂತೆ ಅಕ್ಷರಗಳು ಸಾಸಿವೆಯಷ್ಟಾಗಿ, ತುಣುಕುಗಳ ಅಂಚು ಒಂದರೊಳಗೊಂದು ಕರಗಿಹೋಗುತ್ತದೆ. ಬ್ರೌಸರಿನ ಟ್ಯಾಬಿನಲ್ಲಿ ಗೋಳವನ್ನು ಕೈಬಿಟ್ಟು ಲ್ಯಾಟಿನ್ ‘ಡಬ್ಲ್ಯೂ’ ಅಕ್ಷರವೊಂದನ್ನೇ ಹಾಕಬೇಕಾಗಿ ಬಂದದ್ದು ಇದರಿಂದಲೇ ಇರಬೇಕು. ಬಹುಭಾಷೆಯ ಲಾಂಛನ ಇಕ್ಕಟ್ಟಿನ ಜಾಗಕ್ಕೆ ಬಂದೊಡನೆ ಏಕಲಿಪಿಯದಾಗುತ್ತದೆ. ವಿಕಿಪೀಡಿಯವನ್ನು ನಡೆಸುವ ಮೀಡಿಯಾವಿಕಿ ತಂತ್ರಾಂಶಕ್ಕೂ ಇಂಥದೇ ತೊಡಕಿತ್ತು: ಅದರ ಹಳೆಯ ಲಾಂಛನ ಜೋಡಿ ಚೌಕಾವರಣಗಳ ನಡುವೆ ಇಟ್ಟ ಸೂರ್ಯಕಾಂತಿಯ ಛಾಯಾಚಿತ್ರ. 2021ರಲ್ಲಿ ಸಮುದಾಯ ಹೂವನ್ನು ಉಳಿಸಿಕೊಂಡು ಅದನ್ನು ಸರಳ ರೇಖಾಕೃತಿಗೆ ಇಳಿಸಿತು. ಗೋಳಕ್ಕೂ ಅಂಥದೊಂದು ಕಿರುರೂಪ ಬೇಕಿತ್ತು.

ಎರಡನೆಯದು, ಗೋಳದ ಕೆಳಗಿನ ಹೆಸರು. 2010ರಲ್ಲಿ ಖಾಸಗಿ ಒಡೆತನದ ಹೋಫ್ಲರ್ ಟೆಕ್ಸ್ಟ್ ಅಕ್ಷರವಿನ್ಯಾಸದ ಬದಲು ಮುಕ್ತವಾದ ಲಿನಕ್ಸ್ ಲಿಬರ್ಟೈನ್ ಬಂದದ್ದು ತತ್ವಕ್ಕೆ ಒಪ್ಪುವ ನಿರ್ಧಾರ. ಇಂಗ್ಲಿಷ್ ಹೆಸರಿನಲ್ಲಿ ಮೊದಲ ಮತ್ತು ಕೊನೆಯ ಅಕ್ಷರಗಳು ಉಳಿದವಕ್ಕಿಂತ ದೊಡ್ಡದಾಗಿದ್ದು, ಇಡೀ ಪದಕ್ಕೆ ಎರಡು ಕಂಬಗಳ ಬಲ ಕೊಡುತ್ತವೆ. ಆದರೆ ಲಿಬರ್ಟೈನ್‌ನಲ್ಲಿ ಕನ್ನಡ ಲಿಪಿಯಿಲ್ಲ. ಕನ್ನಡದಲ್ಲಿ ದೊಡ್ಡಕ್ಷರ, ಚಿಕ್ಕಕ್ಷರಗಳ ಭೇದವೂ ಇಲ್ಲ. ಹೀಗಾಗಿ ನಮ್ಮ ‘ವಿಕಿಪೀಡಿಯ’ ಗೋಳದ ಕೆಳಗೆ ಬೇರೊಂದು ಅಕ್ಷರವಿನ್ಯಾಸದಲ್ಲಿ, ಆ ಕಂಬಗಳಿಲ್ಲದೆ, ಸಾದಾ ಶೀರ್ಷಿಕೆಯಂತೆ ಕೂರುತ್ತದೆ. ಗೋಳದೊಳಗೆ ಕನ್ನಡಕ್ಕೆ ಸಿಕ್ಕ ಗಮನ ಗೋಳದ ಕೆಳಗೆ ಸಿಗಲಿಲ್ಲ. ಅಕ್ಷರವಿನ್ಯಾಸ ಬಲ್ಲ ಕನ್ನಡಿಗರೊಬ್ಬರು ಕೈಹಾಕಿದರೆ ಇದು ಸರಿಹೋಗಬಹುದಾದ ಕೆಲಸ.

ಹೋಲಿಕೆಗೆ ಇನ್ನೊಂದು ಸಂಗತಿ: ಸೋದರ ಯೋಜನೆಯಾದ ವಿಕಿವೊಯಾಜ್‌ನ ಲಾಂಛನ ತನ್ನ ಲಾಂಛನವನ್ನು ಹೋಲುತ್ತದೆ ಎಂದು ವಿಶ್ವ ವಾಣಿಜ್ಯ ಸಂಸ್ಥೆ 2013ರಲ್ಲಿ ಆಕ್ಷೇಪ ಎತ್ತಿತು; ಪ್ರವಾಸ ಕೈಪಿಡಿಯ ಸಮುದಾಯ ಮತ್ತೆ ಮತದಾನಕ್ಕೆ ಇಳಿಯಬೇಕಾಯಿತು. ತುಣುಕು ಕಳಚಿದ ಗೋಳವನ್ನು ಮಾತ್ರ ಇನ್ನೊಂದರೊಡನೆ ಗೊಂದಲ ಮಾಡಿಕೊಳ್ಳುವುದು ಕಷ್ಟ.

ಕಲ್ಪನೆಗೆ ಐದಕ್ಕೆ ಐದು, ತಿದ್ದಿಕೊಂಡ ರೀತಿಗೆ ಐದು, ಚಿಕ್ಕ ಪರದೆಯ ಬಳಕೆಗೆ ಎರಡೂವರೆ, ಕನ್ನಡ ಹೆಸರಿನ ಅಕ್ಷರವಿನ್ಯಾಸಕ್ಕೆ ಎರಡು.